ಎಂಟು ಸೆಕೆಂಡು ವಾಲಿದ ಕುರ್ಚಿ

ಮನೆಯಿಂದ
ಫೆಬ್ರವರಿ ೧೬, ಭಾನುವಾರ

ನನ್ನ ಮುದ್ದಿನ ಚೂಟಿಗೆ,

ನಿನ್ನ ಮಾವನ ಆಶೀರ್ವಾದ. ಇಲ್ಲಿ ನಾನು ಉಂಡುಕೊಂಡು, ಕೆಮ್ಮಿಕೊಂಡು, ಸಿಕ್ಕವರ ಮೇಲೆ ರೇಗಿಕೊಂಡು ಇದ್ದೇನೆ. ಅಲ್ಲಿ ನೀರಿನ ಮೇಲೆ ನೀನೂ ನೆಟ್ಟಗಿದ್ದೀಯ ಎಂದು ನಂಬಿದ್ದೇನೆ.

ನಿನ್ನ ಕಾಗದ ಕೈಸೇರಿ ನಲವತ್ತು ದಿನವಾಯಿತು. ಮೊದಲ ವಾರ ಮಂಡಿನೋವು ಎಂದುಕೊಂಡೆ. ಎರಡನೇ ವಾರ ಕನ್ನಡಕದ ಕಡ್ಡಿ ಮುರಿದಿದೆ ಎಂದುಕೊಂಡೆ. ಮಂಡಿ ನೋಯುವವನು ಕೈಯಿಂದ ಬರೆಯಬಾರದು ಎಂದು ಯಾವ ಡಾಕ್ಟರೂ ಹೇಳಿಲ್ಲ. ಕನ್ನಡಕಕ್ಕೆ ಅಂಟುಪಟ್ಟಿ ಸುತ್ತಿಕೊಂಡು ದಿನಾ ಪೇಪರ್ ಓದುತ್ತಲೇ ಇದ್ದೆ. ಧೈರ್ಯ ಇರಲಿಲ್ಲ ಕಣೇ, ಅಷ್ಟೇ. ತಡ ಮಾಡಿದ್ದಕ್ಕೆ ಬೈದುಕೋ. ಆದರೆ ಎಲ್ಲವನ್ನೂ ಇಲ್ಲೇ ಖರ್ಚು ಮಾಡಬೇಡ, ಮುಂದೆಯೂ ಬೇಕಾಗುತ್ತದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. “ಮಾವ, ಅಮ್ಮ ಯಾಕೆ ಬಟನ್ ಒತ್ತಲಿಲ್ಲ? ನಾನು ಹಡಗು ಹತ್ತಿದೆ ಅಂತ ಅವಳಿಗೆ ಬದುಕೋದೇ ಬೇಡ ಅನ್ನಿಸ್ತಾ?” ಅದರ ಕೆಳಗೆ, ಮೇ ತಿಂಗಳಲ್ಲಿ ಕರಾರು ಮುಗಿದ ಕೂಡಲೇ ಇಳಿದುಬಿಡುತ್ತೇನೆ, ಇನ್ನು ಹಡಗಿನ ಅಡುಗೆಮನೆಯ ಮುಖ ನೋಡುವುದಿಲ್ಲ ಎಂದೂ ಬರೆದಿದ್ದೀಯ. ಹನ್ನೊಂದು ವರ್ಷ ಅಮ್ಮನನ್ನು ಎತ್ತಿ ಇಳಿಸಿ ನೋಡಿಕೊಂಡವಳು ಒಂದು ವರ್ಷ ತನ್ನ ಪಾಡಿಗೆ ತಾನು ಬದುಕಿದ್ದೇ ತಪ್ಪಾಯಿತು ಎನ್ನುವ ಧಾಟಿಯಲ್ಲಿ ಬರೆದಿದ್ದೀಯ.

ಉತ್ತರ ಮೊದಲು ಹೇಳಿಬಿಡುತ್ತೇನೆ. ನಿನ್ನ ಅಮ್ಮ ಬಟನ್ ಒತ್ತುತ್ತಿದ್ದಳು. ಅರ್ಧ ಗಂಟೆಗೊಮ್ಮೆ, ತಪ್ಪದೆ ಒತ್ತುತ್ತಿದ್ದಳು. ಇದು ನಿನ್ನ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ, ನನ್ನ ಹತ್ತಿರ ಪುರಾವೆ ಇದೆ. ಹಾಗಾದರೆ ಹುಣ್ಣು ಯಾಕಾಯಿತು, ಅವಳು ಯಾಕೆ ಹೋದಳು ಎಂದು ಕೇಳುತ್ತೀಯ. ಅದನ್ನು ಹೇಳುವುದಕ್ಕೇ ನಲವತ್ತು ದಿನ ಹಿಡಿಯಿತು. ಒಲೆಯ ಮೇಲೆ ಏನಾದರೂ ಇದ್ದರೆ ಕೆಳಗಿಳಿಸಿ ಬಂದು ಕೂತು ಓದು.

ನಿನಗೆ ಗೊತ್ತಿರುವುದನ್ನೂ ಕೊಂಚ ಹೇಳುತ್ತೇನೆ. ಕೊರೆಯುತ್ತಾನೆ ಮುದುಕ ಎನ್ನಬೇಡ, ಹೇಳುತ್ತಾ ಹೋದರೆ ನನಗೆ ಮಾತು ಹೊರಡುತ್ತದೆ. ನಾನು, ನೀನು ಕೂತಲ್ಲೇ ಗಂಟೆಗೆ ಇಪ್ಪತ್ತು ಸಲ ಮಗ್ಗುಲು ಬದಲಿಸುತ್ತೇವೆ. ನಮಗೇ ಗೊತ್ತಾಗುವುದಿಲ್ಲ. ಆ ಅಪಘಾತದಲ್ಲಿ ಕತ್ತಿನ ಮೂಳೆ ಮುರಿದ ಮೇಲೆ ನಿನ್ನ ಅಮ್ಮನಿಗೆ ಎದೆಯಿಂದ ಕೆಳಗೆ ಅರಿವೇ ಇರಲಿಲ್ಲ, ಮಗ್ಗುಲು ಬದಲಿಸುವ ಶಕ್ತಿಯೂ ಇರಲಿಲ್ಲ. ಆ ಕೆಲಸವನ್ನು ಗಾಲಿಕುರ್ಚಿ ಮಾಡಬೇಕು. ಅದಕ್ಕೆ ಎರಡು ಮೋಟರು. ಒಂದು ಬೆನ್ನಿನ ಭಾಗವನ್ನು ಮಾತ್ರ ಹಿಂದಕ್ಕೆ ಒರಗಿಸುತ್ತದೆ. ಇನ್ನೊಂದು ಕೂತ ಭಂಗಿ ಕೆಡದ ಹಾಗೆ ಇಡೀ ಆಸನವನ್ನೇ ಹಿಂದಕ್ಕೆ ವಾಲಿಸುತ್ತದೆ. ಒರಗಿಸಿದರೆ ಅವಳ ಕಾಲು ಸೆಟೆದು ಒದ್ದುಕೊಳ್ಳುತ್ತಿತ್ತು, ಮೈ ಜಾರುತ್ತಿತ್ತು. ಹಾಗಾಗಿ ಬಟನ್ ಒತ್ತಿ ವಾಲಿಸುವುದೊಂದೇ ಅವಳಿಗೆ ದಿಕ್ಕು. ಅರ್ಧ ಗಂಟೆಗೊಮ್ಮೆ, ಮೂರು ನಿಮಿಷ, ಪೂರ್ತಿ ಕೊನೆಯವರೆಗೆ.

‘ಪೂರ್ತಿ’ ಎನ್ನುವುದನ್ನು ನಾನು ಮೂವತ್ತು ವರ್ಷದಿಂದ ಪ್ರತಿಯೊಬ್ಬರಿಗೂ ಬಾಯಿ ನೋಯುವಷ್ಟು ಹೇಳಿದ್ದೇನೆ. ಐವತ್ತು ಡಿಗ್ರಿ ವಾಲಿದರೆ ಕೂತ ಜಾಗದ ಭಾರ ಬೆನ್ನಿಗೆ ಹೋಗುತ್ತದೆ, ಅಲ್ಲಿನ ಚರ್ಮಕ್ಕೆ ರಕ್ತ ಬರುತ್ತದೆ. ಇಪ್ಪತ್ತು ಡಿಗ್ರಿ ವಾಲಿದರೆ ಹಾಯೆನಿಸುತ್ತದೆ ಅಷ್ಟೇ, ಭಾರ ಇದ್ದಲ್ಲೇ ಇರುತ್ತದೆ. ಗಾಲಿಕುರ್ಚಿ ಹೊಂದಿಸಿಕೊಡುವ ನಮ್ಮ ಕಾರ್ಯಾಗಾರಕ್ಕೆ ಬರುವ ಅರ್ಧಕ್ಕರ್ಧ ಜನ ಹಾಯೆನಿಸುವವರೆಗೆ ವಾಲಿ ಸುಮ್ಮನಾಗುತ್ತಾರೆ. ಅವರಿಗೆ ನಾನು ಬೈದಿರುವ ಬೈಗುಳ ಒಟ್ಟು ಮಾಡಿದರೆ ನಿನ್ನ ಹಡಗು ಮುಳುಗೀತು.

ಜೂನ್ ತಿಂಗಳಲ್ಲಿ ನಿನ್ನ ಅಮ್ಮನ ಕೂರುವ ಜಾಗದ ಮೂಳೆಯ ಮೇಲೆ ಚರ್ಮ ಕಪ್ಪಾಗಿದೆ ಎಂದು ನರ್ಸಮ್ಮ ತೋರಿಸಿದಳು. ಗೊತ್ತಲ್ಲ, ನೀನು ಹೋದ ಮೇಲೆ ಅಮ್ಮನನ್ನು ನೋಡಿಕೊಳ್ಳಲು ಬರುತ್ತಿದ್ದಾಕೆ. ಹತ್ತು ದಿನದಲ್ಲಿ ಅದು ಮೂಳೆ ಕಾಣುವ ಹುಣ್ಣಾಯಿತು. ಆಸ್ಪತ್ರೆಯಲ್ಲಿ ಬೋರಲಾಗಿ ಮಲಗಿಸಿದರು. ನಾನು ಹೋಗಿ ಮಂಚದ ಪಕ್ಕ ನಿಂತೆ. ಹೇಗಿದ್ದೀಯ ಎಂದು ಕೇಳುವುದರ ಬದಲು ಬಾಯಿಗೆ ಬಂದ ಹಾಗೆ ಬೈದೆ.

“ಒಂದು ಬಟನ್ ಒತ್ತೋಕೂ ಸೋಮಾರಿತನವಾ ನಿಂಗೆ? ಊರಿಗೆಲ್ಲ ಹೇಳ್ತೀನಿ ನಾನು. ನನ್ನ ತಂಗೀನೇ ಹೀಗ್ ಮಾಡ್ಕೊಂಡ್ರೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಒತ್ತುತ್ತಿದ್ದೆ ಕಣೋ,” ಎಂದಳು.

ನರ್ಸಮ್ಮ ಅಡ್ಡ ಬಂದಳು. “ಒತ್ತುತ್ತಿದ್ರು ಸಾರ್. ನಾನೇ ನೋಡಿದೀನಿ.”

“ನೀವು ತೂಕಡಿಸ್ತಿದ್ದಾಗ ಒತ್ತಿರಬೇಕು,” ಎಂದೆ. ಆಕೆ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ನೀನು ಬಂದರಿನಿಂದ ಫೋನ್ ಮಾಡಿದೆ. ನಾನೇ ಅವಳ ಕಿವಿಗೆ ಹಿಡಿದಿದ್ದೆ. ನೀನು ಕೂಗಾಡಿದ್ದು ನನಗೂ ಕೇಳಿಸುತ್ತಿತ್ತು. “ಅಷ್ಟೂ ಆಗಲ್ವಾ ಅಮ್ಮ ನಿನ್ ಕೈಲಿ? ನಾನಿಲ್ಲ ಅಂತ ಬೇಕೂಂತ ಮಾಡ್ತಿದ್ದೀಯಾ?” ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಆಮೇಲೆ ದಿಂಬಿಗೆ ಮುಖವೊತ್ತಿಕೊಂಡೇ ಹೇಳಿದಳು: “ಇಬ್ರೂ ಸುಮ್ನಾಗಿ. ಒತ್ತಿರಲಿಲ್ಲ. ಕೆಲಸದ ಕರೆ ಜಾಸ್ತಿ ಬಂದಾಗ ಬಿಟ್ಟುಬಿಡ್ತಿದ್ದೆ. ಆಯ್ತಾ?”

ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ನೋಡಿದ್ಯಾ, ನಾನು ಹೇಳಲಿಲ್ವಾ ಎಂದು ಫೋನ್ ಕಸಿದುಕೊಂಡು ನಿನಗೂ ಹೇಳಿದೆ, ಹೊರಗೆ ಹೋಗಿ ನರ್ಸಮ್ಮನಿಗೂ ಹೇಳಿದೆ. ಗೆದ್ದವನ ಹಾಗೆ ಓಡಾಡಿದೆ. ನಂಜು ರಕ್ತಕ್ಕೆ ಸೇರಿ, ಸೆಪ್ಟೆಂಬರಿನಲ್ಲಿ ಅವಳು ಹೋದಳು. ನೀನು ಬಂದು ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ನಾಲ್ಕು ದಿನ ಇದ್ದೆ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಅಮ್ಮನ ಮೇಲೆ ಸಿಟ್ಟಿತ್ತು ನಿನಗೆ. ಆ ಸಿಟ್ಟನ್ನು ನಿನಗೆ ಕೊಟ್ಟು ಕಳಿಸಿದವನು ನಾನು.

ಇವತ್ತಿಗೆ ಇಷ್ಟು ಸಾಕು. ಉಳಿದದ್ದನ್ನು ನಾಳೆ ಬರೆಯುತ್ತೇನೆ.

*

ಮಂಗಳವಾರ

ಎರಡು ದಿನ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಅದರ ಸುತ್ತಲೇ ಓಡಾಡಿದೆ. ಈಗ ಕೂತಿದ್ದೇನೆ, ಮುಗಿಸದೆ ಏಳುವುದಿಲ್ಲ.

ನಿನ್ನ ಕಾಗದ ಬಂದ ಎರಡು ವಾರಕ್ಕೆ ಬಸ್ ಡಿಪೋದ ವಿಚಾರಣೆ ವಿಭಾಗದ ಮೇಲ್ವಿಚಾರಕಿ ನನ್ನನ್ನು ಹುಡುಕಿಕೊಂಡು ಕಾರ್ಯಾಗಾರಕ್ಕೆ ಬಂದರು. ಅಮ್ಮ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಜನಕ್ಕೆ ಹೇಳುತ್ತಿದ್ದದ್ದು ಇವರ ಕೈಕೆಳಗೆ. ಕೈಯಲ್ಲೊಂದು ಪುಟ್ಟ ಪೆನ್‌ಡ್ರೈವ್ ಹಿಡಿದಿದ್ದರು.

“ಹೊಸಬರಿಗೆ ಕಲಿಸೋಕೆ ಅಂತ ನಿಮ್ಮ ತಂಗಿಯವರ ನಾಲ್ಕು ದಿನದ ಕರೆಗಳನ್ನ ತೆಗೆದಿಟ್ಟಿದ್ದೆ,” ಎಂದರು. “ಬೈಸಿಕೊಂಡೂ ಹೇಗೆ ನಗಬೇಕು ಅಂತ ಅವರನ್ನ ಕೇಳಿಯೇ ಕಲೀಬೇಕು. ಏಪ್ರಿಲ್ ತಿಂಗಳದ್ದು. ಮನೆಯವರ ಹತ್ರಾನೂ ಒಂದಿರಲಿ ಅನ್ನಿಸ್ತು.”

ಊಟದ ಹೊತ್ತಿಗೆ ನಾನೂ, ನಮ್ಮ ಕಾರ್ಯಾಗಾರದ ಹೊಲಿಗೆಯಮ್ಮನೂ ಕೇಳಲು ಕೂತೆವು. ಕುರ್ಚಿಗಳ ದಿಂಬು, ಹೊದಿಕೆ ಎಲ್ಲಾ ಹೊಲಿಯುವಾಕೆ, ನಿನಗೂ ಒಂದು ಚೀಲ ಹೊಲಿದುಕೊಟ್ಟಿದ್ದಳು. ನಿನ್ನ ಅಮ್ಮನ ಗೆಳತಿ. ಯಂತ್ರದಲ್ಲಿ ದನಿ ಶುರುವಾಯಿತು ನೋಡು, ನಮ್ಮಿಬ್ಬರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಸತ್ತವಳ ದನಿಯಲ್ಲ ಅದು. ಈಗಷ್ಟೇ ನೀರು ಕುಡಿದು ಬಂದ ಹಾಗಿತ್ತು.

ಯಾರೋ ಒಬ್ಬ ಗಂಡಸು ರೇಗುತ್ತಾನೆ: “ಅರ್ಧ ಗಂಟೆಯಿಂದ ಫೋನ್ ಮಾಡ್ತಿದ್ದೀನಿ. ನೀವು ಮನುಷ್ಯರಾ, ಮಷೀನಾ?”

ಇವಳು ಹೇಳುತ್ತಾಳೆ: “ಎರಡೂ ಸ್ವಲ್ಪ ಸ್ವಲ್ಪ ಸಾರ್. ನಿಮಗೆ ಬೇಕಾದ ಬಸ್ಸು ಮಾತ್ರ ಪೂರ್ತಿ ಮಷೀನು, ಏಳೂ ಮುಕ್ಕಾಲಿಗೆ ಹೊರಡುತ್ತೆ.”

ಹೊಲಿಗೆಯಮ್ಮ ನಗುತ್ತಾ ನಗುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ನನಗೊಂದು ಶಬ್ದ ಕೇಳಿಸಿತು. ಗುಂಯ್ ಎನ್ನುವ ಸಣ್ಣ ಶಬ್ದ, ಅಮ್ಮನ ಮಾತಿನ ಹಿಂದೆ. ಬೇರೆಯವರಿಗಾದರೆ ಫ್ಯಾನೋ, ಮಿಕ್ಸಿಯೋ ಅನ್ನಿಸಬೇಕು. ನನ್ನ ಕಿವಿಗೆ ಅದು ವಾಲಿಸುವ ಮೋಟರು ಎಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ.

“ಒತ್ತಿದ್ದಾಳೆ!” ಎಂದು ಕೂಗಿಕೊಂಡೆ. ತಟ್ಟೆ ಬಿತ್ತು. ಹೊಲಿಗೆಯಮ್ಮ ಹೆದರಿ ಎದ್ದು ನಿಂತಳು.

ಕರೆಗಳ ಮೇಲೆ ಗಂಟೆ ನಿಮಿಷ ನಮೂದಾಗಿತ್ತು. ಹತ್ತು ಗಂಟೆಗೆ ಗುಂಯ್. ಹತ್ತೂ ಮೂರಕ್ಕೆ ಮತ್ತೆ ಗುಂಯ್, ಅದು ಮೇಲೇಳುವ ಶಬ್ದ. ಹತ್ತೂವರೆಗೆ, ಹನ್ನೊಂದಕ್ಕೆ, ಹನ್ನೆರಡಕ್ಕೆ. ಹನ್ನೊಂದೂವರೆಗೆ ಕರೆಯೇ ಇರಲಿಲ್ಲ. ಕರೆ ಇದ್ದಾಗಲೆಲ್ಲ ಆ ಶಬ್ದವೂ ಇತ್ತು. ಒಬ್ಬಳು ಹೆಂಗಸು ಅಳುತ್ತಾ ಕೊನೆಯ ಬಸ್ಸು ಕೇಳುತ್ತಿದ್ದಾಳೆ, ಅವಳಿಗೆ ಸಮಾಧಾನ ಹೇಳುತ್ತಲೇ ನಿನ್ನ ಅಮ್ಮ ಬಟನ್ ಒತ್ತಿದ್ದಾಳೆ. ಕರೆ ಜಾಸ್ತಿ ಇದ್ದಾಗ ಬಿಟ್ಟುಬಿಡುತ್ತಿದ್ದೆ ಎಂದಿದ್ದಳಲ್ಲ, ಅದೇ ಸುಳ್ಳು. ಇಷ್ಟು ಶಿಸ್ತಾಗಿ ವಾಲಿಸುವವರನ್ನು ನನ್ನ ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ.

ಅವತ್ತೇ ನಿನಗೆ ಬರೆಯಬೇಕೆಂದು ಕಾಗದ ತೆಗೆದೆ. ನಿಜ ಹೇಳುತ್ತೇನೆ, ಅವಳು ಹೋದ ಮೇಲೆ ಮೊದಲ ಸಲ ಮನಸ್ಸು ಹಗುರವಾಗಿತ್ತು. ಸಮಯಗಳನ್ನೆಲ್ಲ ಪಟ್ಟಿ ಮಾಡಿ ಕಳಿಸೋಣ, ಚೂಟಿ ಕಣ್ಣಾರೆ ನೋಡಲಿ ಎಂದು ಮತ್ತೆ ಮೊದಲಿಂದ ಕೇಳಲು ಶುರು ಮಾಡಿದೆ.

ನನಗೊಂದು ಚಾಳಿ ಇದೆ. ಯಾವ ಕುರ್ಚಿ ವಾಲಿದರೂ ಬಾಯಲ್ಲೇ ಎಣಿಸುತ್ತೇನೆ. ಒಂದು, ಎರಡು, ಮೂರು. ಅಮ್ಮನ ಕುರ್ಚಿ ಪೂರ್ತಿ ವಾಲಲು ಇಪ್ಪತ್ತು ಸೆಕೆಂಡು. ಎಣಿಸುತ್ತಾ ಇದ್ದೆ. ಏಳು, ಎಂಟು. ಶಬ್ದ ನಿಂತಿತು. ನನ್ನ ತುಟಿ ಮಾತ್ರ ಒಂಬತ್ತು, ಹತ್ತು, ಹನ್ನೊಂದು ಎಂದು ಎಣಿಸುತ್ತಲೇ ಹೋಯಿತು.

ಮುಂದಿನದನ್ನು ಹಾಕಿದೆ. ಎಂಟು. ಅದರ ಮುಂದಿನದು, ಎಂಟು. ಸುಸ್ತಾಗಿ ಅರ್ಧಕ್ಕೆ ಬಿಡುವವರು ಒಮ್ಮೆ ಆರಕ್ಕೆ ಬಿಡುತ್ತಾರೆ, ಒಮ್ಮೆ ಹತ್ತಕ್ಕೆ ಬಿಡುತ್ತಾರೆ. ಪ್ರತಿ ಸಲ ಸರಿಯಾಗಿ ಎಂಟಕ್ಕೆ ಮನುಷ್ಯರು ನಿಲ್ಲಿಸುವುದಿಲ್ಲ. ಯಂತ್ರ ನಿಲ್ಲಿಸುತ್ತದೆ.

“ಏನಾಯ್ತು ಸಾರ್? ಯಾಕ್ ಹಿಂಗ್ ಬೆವರ್ತಿದ್ದೀರ?” ಎಂದಳು ಹೊಲಿಗೆಯಮ್ಮ. ನಾನು ಎದ್ದೆ.

ಕುರ್ಚಿ ಅಲ್ಲೇ ಮೂಲೆಯಲ್ಲಿತ್ತು. ಇನ್ನೊಬ್ಬರಿಗೆ ಕೊಡುವುದೆಂದು ತೊಳೆದು, ಬಟ್ಟೆ ಹೊದಿಸಿ ಇಟ್ಟಿದ್ದರು. ಬಟ್ಟೆ ಎಳೆದು ಬಟನ್ ಒತ್ತಿದೆ. ಎಂಟಕ್ಕೆ ನಿಂತಿತು. ಹೊಂದಿಸುವ ಯಂತ್ರವನ್ನು ತಂದು ಜೋಡಿಸಿದೆ. ಪರದೆಯ ಮೇಲೆ ಬಂತು: ವಾಲುವ ಮಿತಿ, ಇಪ್ಪತ್ತು ಡಿಗ್ರಿ. ಬದಲಿಸಿದ ದಿನ, ಅಮ್ಮ ಮನೆ ಬದಲಿಸಿದ ದಿನ. ಬದಲಿಸಿದ ನೌಕರನ ಸಂಖ್ಯೆ, ನನ್ನದು.

ಚೂಟಿ, ನೀನು ಹಡಗು ಹತ್ತಿದ ತಿಂಗಳಿಗೆ ಅಮ್ಮನನ್ನು ಮೆಟ್ಟಿಲಿನ ಮನೆಯಿಂದ ನನ್ನ ಬೀದಿಯ ನೆಲಮಹಡಿಯ ಮನೆಗೆ ಕರೆತಂದೆನಲ್ಲ, ಅವತ್ತು ಅವಳನ್ನು ಕುರ್ಚಿಯ ಸಮೇತ ವ್ಯಾನಿಗೆ ಹತ್ತಿಸಿದ್ದೆ. ವ್ಯಾನು ಚಿಕ್ಕದು. ದಾರಿಯಲ್ಲಿ ಅಪ್ಪಿತಪ್ಪಿ ಬಟನ್ ಒತ್ತಿದರೆ ತಲೆದಿಂಬು ಹಿಂಬಾಗಿಲಿಗೆ ಬಡಿದು ಮತ್ತೆ ಕತ್ತಿಗೆ ಪೆಟ್ಟಾದೀತು. ಅಂಥಾಗ ನಾವು ಪ್ರಯಾಣಕ್ಕೆ ಮಾತ್ರ ಒಂದು ಮಿತಿ ಹಾಕುತ್ತೇವೆ, ಇಳಿಸಿದ ಮೇಲೆ ತೆಗೆಯುತ್ತೇವೆ. ಮಿತಿ ಹಾಕಿದವನು ಕೂಡಲೇ ಕುರ್ಚಿ ನಡೆಸುವ ಕೋಲಿಗೆ ಕೆಂಪು ಪಟ್ಟಿ ಸುತ್ತಬೇಕು. ಮಿತಿ ತೆಗೆಯುವವರೆಗೂ ಪಟ್ಟಿ ಬಿಚ್ಚುವಂತಿಲ್ಲ. ಇದು ನಮ್ಮ ಕಾರ್ಯಾಗಾರದ ನಿಯಮ. ಹದಿನಾಲ್ಕು ವರ್ಷದ ಹಿಂದೆ ಆ ನಿಯಮ ಮಾಡಿದವನು ನಾನು. ಗೋಡೆಯ ಮೇಲೆ ಇವತ್ತಿಗೂ ಅದು ನನ್ನ ಅಕ್ಷರದಲ್ಲೇ ಇದೆ.

ಪಟ್ಟಿಯ ಸುರುಳಿ ನನ್ನ ಜೇಬಿನಲ್ಲೇ ಇತ್ತು. ಅವಳು ವ್ಯಾನಿನೊಳಗಿಂದ “ಬೇಗ ಮಾಡಣ್ಣ, ಬೆಂದು ಹೋಗ್ತಿದ್ದೀನಿ” ಎಂದು ನಗುತ್ತಿದ್ದಳು. ನಮ್ಮ ಮನೆಯ ಕುರ್ಚಿಗೆ ಪಟ್ಟಿ ಯಾಕೆ, ಹಾಕಿದವನು ನಾನು, ತೆಗೆಯುವವನೂ ನಾನು ಎಂದುಕೊಂಡೆ. ಬೇರೆ ಯಾರದೇ ಕುರ್ಚಿಯಾಗಿದ್ದರೂ ಸುತ್ತಿರುತ್ತಿದ್ದೆ. ಹೊಸ ಮನೆಗೆ ಬಂದರೆ ಮಂಚ ಬಾಗಿಲಿನಲ್ಲಿ ತೂರಲಿಲ್ಲ, ಬಿಚ್ಚಿ ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಮರೆತೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಹುಡುಕಿ ಹುಡುಕಿ ನೋಡಿದೆ, ಇಲ್ಲ.

ಜೂನ್‌ನಲ್ಲಿ ಹುಣ್ಣಾದಾಗ ನಿಯಮದ ಪ್ರಕಾರ ಕುರ್ಚಿಯನ್ನು ಪರೀಕ್ಷೆ ಮಾಡಬೇಕಿತ್ತು. ಮಾಡಿದವನೂ ನಾನೇ. ದಿಂಬನ್ನು ಬಿಚ್ಚಿ ನೋಡಿದೆ, ಅದರೊಳಗಿನ ಗಾಳಿ ನೋಡಿದೆ, ಎಲ್ಲ ಸರಿಯಿತ್ತು. ‘ವಾಲಿಸಿ ನೋಡಲಾಗಿದೆ’ ಎನ್ನುವ ಸಾಲಿನ ಮುಂದೆ ನೋಡದೆಯೇ ಗುರುತು ಹಾಕಿ ಸಹಿ ಮಾಡಿದೆ. ಯಾಕೆಂದರೆ ತಪ್ಪು ಯಾರದು ಎಂದು ನನಗೆ ಆಗಲೇ ಗೊತ್ತಿತ್ತಲ್ಲ! ಅವಳದು. ಸೋಮಾರಿ. ಥೂ ನನ್ನ ಜನ್ಮಕ್ಕೆ.

ಆ ನಾಲ್ಕು ತಿಂಗಳೂ ಅವಳು ಗಡಿಯಾರ ನೋಡಿಕೊಂಡು ಬಟನ್ ಒತ್ತಿದ್ದಾಳೆ, ಮೂರು ನಿಮಿಷ ಕಾದಿದ್ದಾಳೆ, ಎದ್ದಿದ್ದಾಳೆ. ಅಣ್ಣ ಹೇಳಿದ್ದನ್ನು ಅಕ್ಷರಶಃ ಮಾಡಿದ್ದಾಳೆ. ಒಂದು ಸಲಕ್ಕೂ ಅದರಿಂದ ಅವಳಿಗೆ ಉಪಯೋಗವಾಗಿಲ್ಲ.

ವಿಷಯ ತಿಳಿದ ಮರುದಿನ ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಬಾಗಿಲು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಒಳ್ಳೆಯವರು ಪಾಪ. “ನೋಡಿ, ಅವರು ನಿಮ್ಮ ಸ್ವಂತ ತಂಗಿ. ನಿಮ್ಮ ಮನೆ ದುಃಖ. ಯಾರೂ ಕೇಳ್ತಿಲ್ಲ. ಯಾಕೆ ಬರವಣಿಗೇಲಿ ಕೊಡ್ತೀರ? ಇನ್ನು ಎಂಟು ತಿಂಗಳಿಗೆ ನಿವೃತ್ತಿ,” ಎಂದರು. ನಾನು ಬರವಣಿಗೆಯಲ್ಲೇ ಕೊಟ್ಟೆ. ಈಗ ನನ್ನನ್ನು ಉಗ್ರಾಣಕ್ಕೆ ಹಾಕಿದ್ದಾರೆ, ನಟ್ಟು ಬೋಲ್ಟು ವಿಂಗಡಿಸುತ್ತೇನೆ. ಯಾರ ಕುರ್ಚಿಯನ್ನೂ ಮುಟ್ಟುವಂತಿಲ್ಲ. ಅದು ಸರಿಯೇ. ಕಾರ್ಯಾಗಾರದಲ್ಲಿದ್ದ ಉಳಿದ ಕುರ್ಚಿಗಳನ್ನೆಲ್ಲ ಬೇರೆಯವರು ಮತ್ತೆ ಪರೀಕ್ಷೆ ಮಾಡಿದರು. ಬೇರೆ ಯಾವುದರಲ್ಲೂ ತಪ್ಪಿರಲಿಲ್ಲ. ನಾನು ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಮರೆತೆ ಕಣೇ, ಅದೂ ಅವಳದನ್ನು.

ನರ್ಸಮ್ಮನನ್ನೂ ಹುಡುಕಿಕೊಂಡು ಹೋದೆ. ಈಗ ಬೇರೆ ಮನೆಯಲ್ಲಿ ಕೆಲಸಕ್ಕಿದ್ದಾಳೆ. ಗೇಟಿನ ಹತ್ತಿರವೇ ನಿಲ್ಲಿಸಿ ಮಾತಾಡಿದಳು.

“ಅವತ್ತು ನಾನು ಹೇಳಿದ್ದು ನಿಮಗೆ ಕೇಳಿಸಲೇ ಇಲ್ಲ ಅಲ್ವಾ ಸಾರ್?”

“ಕೇಳಿಸ್ತು ಕಣಮ್ಮ. ನಂಬಲಿಲ್ಲ. ತಪ್ಪಾಯ್ತು.”

“ಆರು ವಾರ ನನಗೆ ನಿದ್ದೆ ಇಲ್ಲ. ನಾನೇ ಎಲ್ಲೋ ನೋಡದೆ ಬಿಟ್ಟೆನಾ, ನಾನೇ ತೂಕಡಿಸಿದೆನಾ ಅಂತ. ಮೇಡಂ ಮಾತ್ರ ‘ನಿನ್ನ ತಪ್ಪೇನಿಲ್ಲ’ ಅಂತಿದ್ರು. ಅವರು ನಂಬಿದ್ರು, ಅಷ್ಟು ಸಾಕು ನಂಗೆ. ನೀವು ಹೊರಡಿ,” ಎಂದು ಗೇಟು ಹಾಕಿಕೊಂಡಳು. ಹೊರಟುಬಂದೆ.

ಇನ್ನು ನಿನ್ನ ವಿಷಯ. ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅಮ್ಮ ಹೇಳಿದ್ದನ್ನು ತಲುಪಿಸುವ ಕೆಲಸವನ್ನಾದರೂ ಮಾಡುತ್ತೇನೆ. ಪೆನ್‌ಡ್ರೈವಿನಲ್ಲಿರುವ ನಾಲ್ಕು ದಿನದ ಕರೆಗಳಲ್ಲಿ ಮೂರನೆಯ ದಿನ, ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ, ಒಬ್ಬ ಅಜ್ಜಿಯ ಕರೆ ಇದೆ. ಬಸ್ಸಿನ ವಿಷಯ ಮುಗಿದ ಮೇಲೂ ಆ ಅಜ್ಜಿ ಫೋನ್ ಇಡುವುದಿಲ್ಲ. ಮಕ್ಕಳೆಷ್ಟಮ್ಮ ಎಂದು ಕೇಳುತ್ತಾಳೆ. ನಿನ್ನ ಅಮ್ಮ ಹೇಳುತ್ತಾಳೆ: “ಒಬ್ಳೇ ಮಗಳು ಅಜ್ಜಿ. ಹಡಗಲ್ಲಿ ಅಡುಗೆ ಮಾಡ್ತಾಳೆ. ಅವಳಿರೋ ಊರಿಗೆ ನಮ್ಮ ಬಸ್ಸು ಹೋಗಲ್ಲ, ಅಷ್ಟು ದೂರ!” ಹೇಳುವಾಗ ಅವಳ ದನಿ ಕೇಳು. ಬೇಜಾರಿನವಳ ದನಿಯಲ್ಲ ಅದು, ಜಂಬದವಳ ದನಿ. “ಬಿಟ್ಟಿರೋಕೆ ಕಷ್ಟ ಆಗಲ್ವಾ?” ಎಂದರೆ, “ಆಗುತ್ತೆ. ಆದ್ರೆ ಅವಳು ಇಲ್ಲೇ ಇದ್ದಿದ್ರೆ ಇಬ್ಬರಿಗೂ ಕಷ್ಟ ಆಗ್ತಿತ್ತಲ್ಲ,” ಎಂದು ನಗುತ್ತಾಳೆ. ಪೆನ್‌ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಇದರೊಳಗೇ ಇಟ್ಟಿದ್ದೇನೆ.

ಹಡಗಿನಿಂದ ಇಳಿಯಬೇಕೆನ್ನಿಸಿದರೆ ಇಳಿ. ಸಮುದ್ರ ಸಾಕಾದರೆ ಇಳಿ, ಅಡುಗೆಯವರ ಮುಖ್ಯಸ್ಥ ಕಾಟ ಕೊಟ್ಟರೆ ಇಳಿ. ಅಮ್ಮ ನಿನ್ನಿಂದ ಹೋದಳು ಎಂದುಕೊಂಡು ಇಳಿಯಬೇಡ. ಅದು ಸುಳ್ಳು, ಆ ಸುಳ್ಳನ್ನು ಹಬ್ಬಿಸಿದವನು ನಾನು. ಅವಳಿಗೆ ಬದುಕಬೇಕಿತ್ತು ಚೂಟಿ. ದಿನಕ್ಕೆ ಇಪ್ಪತ್ತೈದು ಸಲ ಬದುಕಬೇಕು ಎಂದು ಬಟನ್ ಒತ್ತುತ್ತಿದ್ದಳು.

ನೀನು ನನ್ನನ್ನು ಕ್ಷಮಿಸಬೇಕು ಎಂದು ಈ ಕಾಗದ ಬರೆಯಲಿಲ್ಲ. ನನಗೆ ಉಳಿದಿರುವವಳು ನೀನೊಬ್ಬಳೇ, ಇದನ್ನು ಓದಿದ ಮೇಲೆ ಅದೂ ಇಲ್ಲವಾಗಬಹುದು ಎಂದು ಗೊತ್ತಿದ್ದೇ ಅಂಚೆಗೆ ಹಾಕುತ್ತಿದ್ದೇನೆ. ಉತ್ತರ ಬರೆಯಬೇಡವೆನ್ನಿಸಿದರೆ ಬರೆಯಬೇಡ. ನಿನ್ನ ಪೆಟ್ಟಿಗೆ, ಅಮ್ಮನ ಶಾಲು, ಫೋಟೋಗಳು ಎಲ್ಲ ಒಣಗಿದ ಜಾಗದಲ್ಲಿ ಭದ್ರವಾಗಿವೆ. ನಾನು ಮನೆಯಲ್ಲಿಲ್ಲದ ಹೊತ್ತಿಗೆ ಬಂದು ತೆಗೆದುಕೊಂಡು ಹೋಗಬೇಕು ಅನ್ನಿಸಿದರೆ, ಬೀಗದ ಕೈ ಹೊಲಿಗೆಯಮ್ಮನ ಹತ್ತಿರ ಇರುತ್ತದೆ.

ಹೊತ್ತು ಹೊತ್ತಿಗೆ ಉಣ್ಣು. ಬಿಸಿ ಎಣ್ಣೆಯ ಹತ್ತಿರ ಹಡಗು ತೂಗುವಾಗ ಹುಷಾರು. ನೂರು ಕಾಲ ಚೆನ್ನಾಗಿರು ಮಗಳೇ. ನನ್ನ ಆಶೀರ್ವಾದ ನಿನಗೆ ಬೇಡವೆನ್ನಿಸಿದರೂ ಅದು ನಿನ್ನ ಮೇಲೆ ಇದ್ದೇ ಇರುತ್ತದೆ.

ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ,
ಮಾವ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಮುಖ್ಯಸ್ಥರಿಗೆ ಕೊಟ್ಟ ಬರವಣಿಗೆಯಲ್ಲಿ ಇಲ್ಲದ್ದು ಒಂದಿದೆ, ಹೊಲಿಗೆಯಮ್ಮನಿಗೂ ಹೇಳಿಲ್ಲ.

ಹೊಸ ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ನಾನು ಅವಳ ಎದುರು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಅವಳು ಹಿಂದಕ್ಕೆ ವಾಲಿದ್ದಳು. “ಅಣ್ಣ, ಇದು ಮೊದಲಿನಷ್ಟು ಹೋಗ್ತಿಲ್ಲ ಅನ್ಸುತ್ತೆ ಕಣೋ,” ಎಂದಳು. “ಅಲ್ಲಿ ನಂಗೆ ನೆತ್ತಿ ಮೇಲಿನ ಸೂರು ಕಾಣ್ತಿತ್ತು. ಇಲ್ಲಿ ಬರೀ ಬಾಗಿಲ ಮೇಲಿನ ಗೋಡೆ ಕಾಣುತ್ತೆ. ಒಂಚೂರು ನೋಡ್ತೀಯಾ?”

ನಾನು ಪೇಪರಿನಿಂದ ತಲೆ ಎತ್ತದೆ ಹೇಳಿದೆ: “ಅಲ್ಲಿ ಸೂರು ತಗ್ಗು, ಇಲ್ಲಿ ಎತ್ತರ. ಅದಕ್ಕೆ ಹಂಗೆ ಕಾಣುತ್ತೆ. ಬಸ್ಸಿನ ವಿಷಯ ನೀನು ನೋಡ್ಕೋ, ಕುರ್ಚಿ ವಿಷಯ ನ‌ನಗೆ ಬಿಡು.”

ಅವಳು ನಕ್ಕಳು. “ಸರಿ ಬಿಡಪ್ಪ, ನಿಂಗೆ ಗೊತ್ತಿಲ್ಲದ್ದೇನು,” ಎಂದಳು. ಮತ್ತೆ ಆ ಮಾತೆತ್ತಲಿಲ್ಲ. ಆಸ್ಪತ್ರೆಯಲ್ಲಿ ನಾನು ಅಷ್ಟು ಬೈಯುವಾಗಲೂ, ಅವತ್ತೇ ಹೇಳಿದ್ನಲ್ಲೋ ಎಂದು ಒಂದು ಮಾತು ಅನ್ನಬಹುದಿತ್ತು. ಮರೆತಿದ್ದಳೋ, ನನ್ನ ಮಾತನ್ನೇ ನಂಬಿಕೊಂಡಿದ್ದಳೋ, ನಿನ್ನ ಎದುರು ಅಣ್ಣನ ಮುಖ ಉಳಿಸಲೆಂದು ಒತ್ತಿರಲಿಲ್ಲ ಎಂದುಬಿಟ್ಟಳೋ, ಈಗ ಕೇಳುವುದು ಯಾರನ್ನು?

ನಾನು ಅವಳಿಂದ ಎರಡು ಹೆಜ್ಜೆ ದೂರದಲ್ಲಿ ಕೂತಿದ್ದೆ ಚೂಟಿ. ಎದ್ದು ನೋಡಲಿಲ್ಲ.